ಗಂಟು ಹೊತ್ತ ಗಿರಾಕಿ

ಬಾದಾಮಿ ರೈಲ್ವೆ ಸ್ಟೇಶನ್ ಬಾದಾಮಿಯೊಳಗಿಲ್ಲ, ಊರಿನಿಂದ ಐದು ಕಿಲೋಮೀಟರ್ ಆಚೆಗಿದೆ. ಹಾಗೇಕೆ ಎಂದು ಹಿಂದೆ ಟಾಂಗಾದವರು ಕೇಳಲಿಲ್ಲ, ಈಗ ಟಂಟಂ ಆಟೋದವರೂ ಕೇಳುವುದಿಲ್ಲ. ಬೆಂಗಳೂರಿನಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದ ನಮ್ಮ ಗಿರಾಕಿ ಮರುದಿನ ನಿದ್ದೆಗಣ್ಣಿನಲ್ಲಿ ಈ ಸ್ಟೇಶನ್ನಿನ ಹೊರಗೆ ಬಂದು ನಿಲ್ಲುತ್ತಾನೆ. ಬೆನ್ನಿಗೊಂದು ದೊಡ್ಡ ಚೀಲ, ಎದೆಗೊಂದು ಸಣ್ಣ ಚೀಲ. ಹಿಂದಿನಿಂದ ನೋಡಿದರೆ ಗಂಟಿಗೇ ಕಾಲು ಬಂದ ಹಾಗೆ. ಗಂಟಿನ ಬದಿಗೆ ನೀರಿನ ಬಾಟಲಿ, ಕೆಳಗೆ ತೂಗುಬಿದ್ದ ಚಪ್ಪಲಿ, ಮೇಲೆ ಸುತ್ತಿ ಬಿಗಿದ ಸ್ಲೀಪಿಂಗ್ ಬ್ಯಾಗು. ಸೆಕೆಗೆ ಬೇಸತ್ತು ಮಂದಿ ಮಾಳಿಗೆಯ ಮೇಲೆ ಹೊರಸು ಹಾಕಿಕೊಂಡು ಮಲಗುವ ಊರು ಇದು. ಇಲ್ಲಿ ಚೀಲದೊಳಗೆ ಹೊಕ್ಕು ಮಲಗುವ ಮನುಷ್ಯನನ್ನು ಕಂಡರೆ ಟಂಟಂನವರಿಗೆ ನಿಜವಾಗಿಯೂ ಕನಿಕರ. ಉಟ್ಟದ್ದು ಜಾಳಾದ ಒಂದು ಪ್ಯಾಂಟು, ಅದರ ತುಂಬ ಆನೆಗಳು. ಬ್ಯಾಂಕಾಕಿನ ಖಾವೊ ಸಾನ್ ರೋಡಿನಲ್ಲಿ ಕೊಂಡದ್ದು.

ಈತನನ್ನು ಪರದೇಶದವನೆಂದು ತಿಳಿಯಬೇಡಿ. ಮನೆಮಾತು ಕನ್ನಡ, ಓದಿದ್ದು ಬೆಂಗಳೂರಿನಲ್ಲಿ, ಕೆಲಸ ಸಾಫ್ಟ್‌ವೇರಿನದು ಅಥವಾ ಇತ್ತೀಚಿನ ತನಕ ಸಾಫ್ಟ್‌ವೇರಿನದು. 2023ರ ನವೆಂಬರಿನಿಂದ ಥಾಯ್ಲೆಂಡ್ ಸರ್ಕಾರ ಭಾರತೀಯರಿಗೆ ವೀಸಾ ಬೇಡವೆಂದು ಸಾರಿತಲ್ಲ, ಆಗ ಹೊರಟವನು. ಬ್ಯಾಂಕಾಕ್ ಆಯಿತು, ಹನೋಯಿ ಆಯಿತು, ಸಿಯೆಮ್ ರೀಪ್ ಆಯಿತು. ಬಾದಾಮಿ ಉಳಿದಿತ್ತು. ಹೀಗಾಗಿ ಈ ಊರಿನ ಮೊದಲ ನೋಟ ಅವನಿಗೆ ಎರಡನೆಯ ನೋಟವೇ. ಟಂಟಂ ಕಂಡರೆ ಟುಕ್‌ಟುಕ್ ನೆನಪು, ಅಗಸ್ತ್ಯತೀರ್ಥ ಕೆರೆಯ ದಂಡೆಯಲ್ಲಿ ಅರಿವೆ ಒಗೆಯುವ ಹೆಂಗಸರನ್ನು ಕಂಡರೆ ಮೆಕಾಂಗ್ ನದಿ ನೆನಪು. ಹನೋಯಿಗೆ ಹೋಗುವ ಮುನ್ನ ವಿಯೆಟ್ನಾಮಿನ ನಾಲ್ಕು ಮಾತು ಬಾಯಿಪಾಠ ಮಾಡಿದ್ದವನು, ಬಾದಾಮಿಯಲ್ಲಿ ಡ್ರೈವರ್ ಎರಡನೆಯ ವಾಕ್ಯ ಮುಗಿಸುವಷ್ಟರಲ್ಲಿ ಇಂಗ್ಲಿಷಿಗೆ ಜಿಗಿಯುತ್ತಾನೆ.

ಚೌಕಾಸಿಯಲ್ಲಿ ಅವನು ನುರಿತವನು. ಹೇಳಿದ ಬೆಲೆಯನ್ನು ಅರ್ಧ ಮಾಡು, ಒಪ್ಪದಿದ್ದರೆ ಬೆನ್ನು ತಿರುಗಿಸಿ ನಡೆ, ಅವರೇ ಓಡಿ ಬರುತ್ತಾರೆ ಎಂಬುದು ಆತ ಮೂರು ದೇಶಗಳಲ್ಲಿ ಸಿದ್ಧಿ ಮಾಡಿಕೊಂಡ ಮಂತ್ರ.

“ಊರೊಳಗೆ ಹೋಗೋಕೆ ಎಷ್ಟಣ್ಣ?”

“ಸೀಟಿಗೆ ಇಪ್ಪತ್ರೀ.”

“ಹತ್ತು ಕೊಡ್ತೀನಿ.”

“ಹತ್ರಾಗ ಅರ್ಧಾ ದಾರಿ ಹೋಗತೈತ್ರಿ. ಅಲ್ಲೇ ಇಳಿತೀರೇನ್ರಿ?”

ಗಿರಾಕಿ ಮಂತ್ರದ ಪ್ರಕಾರ ಬೆನ್ನು ತಿರುಗಿಸಿ ನಡೆದ. ಯಾರೂ ಓಡಿ ಬರಲಿಲ್ಲ. ಸೀಟು ತುಂಬಿತು, ಡ್ರೈವರ್ ಎರಡೂ ಬದಿಗೆ ಒಬ್ಬೊಬ್ಬರನ್ನು ಅಂಟಿಸಿಕೊಂಡ, ಟಂಟಂ ಹೋಯಿತು. ಇಪ್ಪತ್ತೆಂದರೆ ಶಾಲೆ ಮಾಸ್ತರರಿಗೂ ಇಪ್ಪತ್ತು, ಕಾಯಿಪಲ್ಲೆಯ ಬುಟ್ಟಿಯವಳಿಗೂ ಇಪ್ಪತ್ತು ಎಂಬುದು ಅವನಿಗೆ ತಿಳಿದದ್ದು ಮುಂದಿನ ಟಂಟಂ ತುಂಬುವ ತನಕ ಬೇವಿನ ಮರದ ಕೆಳಗೆ ನಿಂತ ಮೇಲೆ.

“ಒಳ್ಳೆ ಹಾಸ್ಟೆಲ್ ಇದ್ದರೆ ಅಲ್ಲಿಗೆ ಬಿಡಿ” ಎಂದು ಎರಡನೆಯ ಡ್ರೈವರಿಗೆ ಹೇಳಿದ. ಡ್ರೈವರ್ ಒಳ್ಳೆಯ ಮನುಷ್ಯ, ಹಿಂದುಳಿದ ವರ್ಗಗಳ ಬಾಲಕರ ಹಾಸ್ಟೆಲಿನ ಬಾಗಿಲಿಗೇ ತಂದು ಇಳಿಸಿದ. ಒಳಗೆ ಹುಡುಗರು ಉಪ್ಪಿಟ್ಟಿಗೆ ತಾಟು ಹಿಡಿದು ಸಾಲಾಗಿ ನಿಂತಿದ್ದರು. ಗಿರಾಕಿಗೆ ಭಾರಿ ಖುಷಿ. ಒಂದೇ ಹಾಲಿನಲ್ಲಿ ಹತ್ತಾರು ಹಾಸಿಗೆ, ಟ್ರಂಕುಗಳು, ಗೋಡೆಯ ಮೇಲೆ ಊಟದ ವೇಳಾಪಟ್ಟಿ. ಇಷ್ಟು ಅಚ್ಚುಕಟ್ಟಾದ ಡಾರ್ಮಿಟರಿ ಅವನು ಹನೋಯಿಯಲ್ಲೂ ಕಂಡಿರಲಿಲ್ಲ. ವಾರ್ಡನ್ನರು ಮೇಲಿನಿಂದ ಕೆಳಗೆ ಅವನನ್ನೂ ಅವನ ಆನೆಗಳನ್ನೂ ನೋಡಿ, “ಯಾವ ಕ್ಲಾಸಪಾ? ಜಾತಿ ಪ್ರಮಾಣಪತ್ರ ತಂದೀಯೇನ?” ಎಂದರು.

ಕೊನೆಗೆ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಲಾಡ್ಜಿನಲ್ಲಿ ಕೋಣೆ ಹಿಡಿದ. ಹಿಡಿದವನೇ ಮೊಬೈಲ್ ತೆಗೆದು ಖರ್ಚು ಬರೆದ. ಈ ಜಾತಿಯ ಪ್ರವಾಸಿಯ ಮುಖ್ಯ ಕಸುಬು ಇದೇ, ಊರು ನೋಡುವುದು ಬಿಡುವಿನ ವೇಳೆಯಲ್ಲಿ. ಚಹಾ ಹತ್ತು, ಗಿರ್ಮಿಟ್ ಮೂವತ್ತು, ಮಿರ್ಚಿ ಭಜಿ ಪ್ಲೇಟಿಗೆ ಇಷ್ಟು ಎಂದು ಎಲ್ಲವೂ ದಾಖಲು. ಬೆನ್ನ ಮೇಲಿನ ಚೀಲಕ್ಕೆ ಕೊಟ್ಟ ದುಡ್ಡಿನಲ್ಲಿ ಇದೇ ಲಾಡ್ಜಿನಲ್ಲಿ ವಾರಗಟ್ಟಲೆ ಇರಬಹುದಿತ್ತು. ಆದರೆ ಅದು ಬಂಡವಾಳ, ಲೆಕ್ಕಕ್ಕೆ ಬರುವುದಿಲ್ಲವಂತೆ. ಗುಹೆಗಳ ಗೇಟಿನಲ್ಲಿ ಟಿಕೆಟು ಇಪ್ಪತ್ತೈದು ರೂಪಾಯಿ ಎಂದಾಗ ಮಾತ್ರ ಅವನ ಎದೆ ಧಸಕ್ಕೆಂದಿತು. ನಮ್ಮ ರಾಜರೇ ಕಡೆಸಿದ ಗುಹೆ ನೋಡಲು ನಮಗೇ ದುಡ್ಡೇ? ಸಿಯೆಮ್ ರೀಪಿನಲ್ಲಿ ಆಂಕೋರ್ ನೋಡಲು ದಿನಕ್ಕೆ 37 ಡಾಲರ್, ಅಂದರೆ ಸುಮಾರು ಮೂರು ಸಾವಿರ ರೂಪಾಯಿ, ತುಟಿಪಿಟಕ್ಕೆನ್ನದೆ ಎಣಿಸಿಕೊಟ್ಟಿದ್ದ. ಪಕ್ಕದಲ್ಲೇ ನಿಜವಾದ ಬಿಳಿಯ ಪರದೇಶದವನೊಬ್ಬ ಮುನ್ನೂರು ಕೊಟ್ಟು ಸುಮ್ಮನೆ ಒಳಗೆ ಹೋದ.

ಆ ಬಿಳಿಯರ ಬಗ್ಗೆಯೂ ಒಂದು ಮಾತು. ಚಳಿಗಾಲದಲ್ಲಿ ಬರುವ ಅವರಲ್ಲಿ ಕೆಲವರಿಗೆ ಗುಹೆಯೂ ಬೇಡ, ಗುಡಿಯೂ ಬೇಡ. ಈ ಕೆಂಪು ಮರಳುಗಲ್ಲಿನ ಬಂಡೆಗಳೇ ಬೇಕು. ಹಗ್ಗ ಕಟ್ಟಿಕೊಂಡು, ಕೈಗೆ ಬಿಳಿ ಪುಡಿ ಬಳಿದುಕೊಂಡು, ಇಡೀ ದಿನ ಒಂದೇ ಬಂಡೆಗೆ ಅಂಟಿಕೊಂಡಿರುತ್ತಾರೆ. ಮೇಲೇನಿದೆ ಎಂದು ಕೇಳಿದರೆ ಏನೂ ಇಲ್ಲ ಅನ್ನುತ್ತಾರೆ. ಅವರಿಂದ ನಮ್ಮ ಹುಡುಗರು ಹತ್ತುವುದನ್ನು ಕಲಿತರು. ಮಂಗ್ಯಾಗಳು ಮೊದಲೇ ಕಲಿತಿದ್ದವು, ಅದೂ ಹಗ್ಗವಿಲ್ಲದೆ.

ಮೊದಲನೆಯ ಗುಹೆಯ ಮುಂದೆ ಗೈಡು ಗಂಟು ಬಿದ್ದ. ಹದಿನೆಂಟು ಕೈಯ ನಟರಾಜನನ್ನು ತೋರಿಸಿ, ಎಡಗೈ ಒಂಬತ್ತು, ಬಲಗೈ ಒಂಬತ್ತು, ಒಂಬತ್ತೊಂಬತ್ಲೆ ಎಂಬತ್ತೊಂದು ಭಂಗಿ ಎಂದು ಮಗ್ಗಿ ಒಪ್ಪಿಸಿದ. ಈ ಲೆಕ್ಕ ಕೇಳದೆ ಬಾದಾಮಿಯಿಂದ ಯಾರೂ ಹೊರಗೆ ಹೋಗುವಂತಿಲ್ಲ. ಗಿರಾಕಿ ತಲೆದೂಗಿ, “ಇದೆಲ್ಲ ಆಂಕೋರ್ ಥರಾನೇ ಇದೆ” ಎಂದ.

“ಅದು ಯಾವಾಗಿಂದ್ರೀ?”

“ಹನ್ನೆರಡನೇ ಶತಮಾನ.”

“ಮೂರನೇ ಗುಹಾದಾಗ ಮಂಗಳೇಶನ ಶಾಸನ ಐತಿ, 578ರದು. ಹಂಗಾರ ಅದು ನಮ್ಮದರ ಥರ ಐತಿ ಅನ್ರಿ.”

ಗಿರಾಕಿ ಇದಕ್ಕೆ ಉತ್ತರ ಹುಡುಕುತ್ತಿರುವಾಗ ಮಂಗ್ಯಾ ಬಂದು ಎದೆಯ ಚೀಲದ ಜಿಪ್ಪು ಎಳೆಯಿತು. ಬಾದಾಮಿಯ ಮಂಗ್ಯಾಗಳಿಗೆ ಜಿಪ್ಪು ಹೊಸದಲ್ಲ. ಚಿಪ್ಸಿನ ಪೊಟ್ಟಣ, ಬಿಸ್ಕೀಟು, ಬಿಸಿಲಿಗೆ ಹಚ್ಚುವ ಕ್ರೀಮು ಮೂರನ್ನೂ ತೆಗೆದುಕೊಂಡು, ಪಾಸ್‌ಪೋರ್ಟನ್ನು ಮೂಸಿ ನೋಡಿ ಕೆಳಗೆ ಬಿಸಾಕಿತು. ಬಾದಾಮಿಗೆ ಬರಲು ಪಾಸ್‌ಪೋರ್ಟು ಯಾಕೆ ತಂದಿದ್ದ ಎಂದು ನನ್ನನ್ನು ಕೇಳಬೇಡಿ. ಅದರೊಳಗಿನ ಮುದ್ರೆಗಳನ್ನು ಯಾರಿಗಾದರೂ ತೋರಿಸಬೇಕಲ್ಲ.

ಗಂಟು ಹೊತ್ತು ಈ ನಾಡಿಗೆ ಬಂದವರಲ್ಲಿ ಈತನೇ ಮೊದಲಿಗನಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಏಳನೆಯ ಶತಮಾನದಲ್ಲಿ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬಾದಾಮಿಯ ದೊರೆ ಪುಲಕೇಶಿಯ ರಾಜ್ಯಕ್ಕೆ ಬಂದಿದ್ದ. ಅವನ ಹಳೆಯ ಚಿತ್ರಗಳನ್ನು ನೋಡಿ, ಬೆನ್ನ ಮೇಲೆ ಆಳೆತ್ತರದ ಗಂಟು. ಅವನು ಕಂಡ ರಾಜಧಾನಿ ಬಾದಾಮಿಯೇ ಹೌದೋ ಅಲ್ಲವೋ ಎಂದು ಪಂಡಿತರು ಇನ್ನೂ ಜಗಳಾಡುತ್ತಾರೆ. ಬಾದಾಮಿಯವರಿಗೆ ಆ ಜಗಳ ಗೊತ್ತಿಲ್ಲ, ಗೊತ್ತಾದರೂ ಒಪ್ಪುವುದಿಲ್ಲ. ಈ ಮಂದಿ ಉಪಕಾರ ಮಾಡಿದವರನ್ನು ಮರೆಯುವುದಿಲ್ಲ, ಕೆಣಕಿದವರನ್ನು ಬಿಡುವುದಿಲ್ಲ, ಯುದ್ಧಕ್ಕೆ ಮೊದಲು ಆನೆಗಳಿಗೂ ಹೆಂಡ ಕುಡಿಸುತ್ತಾರೆ ಎಂದು ಆ ಯಾತ್ರಿಕ ಬರೆದಿಟ್ಟು ಹೋದ. ಆನೆಗಳು ಈಗ ಪ್ಯಾಂಟಿನ ಮೇಲಷ್ಟೇ ಉಳಿದಿವೆ. ಉಳಿದದ್ದು ಸುಳ್ಳಲ್ಲ, ಕೆರೆಯ ಮೇಲಿನ ಬಂಡೆಯಲ್ಲಿರುವ ಕಪ್ಪೆ ಅರಭಟ್ಟನ ಶಾಸನವೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ, ಇಪ್ಪತ್ತು ಹೇಳಿದಲ್ಲಿ ಹತ್ತು ಕೊಡುತ್ತೇನೆಂದವನಿಗೆ ಟಂಟಂನವನೂ ಅದನ್ನೇ ಹೇಳಿದ್ದ. ಹ್ಯೂಯೆನ್ ತ್ಸಾಂಗ್ ತಿರುಗಿ ಹೋಗುವಾಗ 657 ಗ್ರಂಥಗಳನ್ನು ಇಪ್ಪತ್ತು ಕುದುರೆಗಳ ಮೇಲೆ ಹೇರಿಕೊಂಡು ಹೋದನಂತೆ. ನಮ್ಮ ಗಿರಾಕಿಯದು ಅಷ್ಟೂ ಫೋನಿನಲ್ಲೇ ಹಿಡಿಯುತ್ತದೆ, ಅದೂ ಬರೀ ಅವನದೇ ಫೋಟೋ. ಇನ್ನೊಬ್ಬ ಬಂದವನು ಪಲ್ಲವರ ನರಸಿಂಹವರ್ಮ. ಊರನ್ನೇ, ಅಂದರೆ ಆಗಿನ ವಾತಾಪಿಯನ್ನೇ ಗೆದ್ದು, ಹೆಸರಿಗೆ ವಾತಾಪಿಕೊಂಡ ಎಂಬ ಬಿರುದು ಅಂಟಿಸಿಕೊಂಡು, ಬಂಡೆಯ ಮೇಲೆ ಶಾಸನವನ್ನೂ ಕೊರೆಸಿ ಹೋದ. ಗುಹೆಯ ಗೋಡೆಗೆ ಹೆಸರು ಗೀಚುವ ಇಂದಿನ ಹುಡುಗರನ್ನು ಕಾವಲುಗಾರರು ಬೈಯುವಾಗೆಲ್ಲ ನನಗೆ ಆತನ ನೆನಪು.

ಮಧ್ಯಾಹ್ನ ಬನಶಂಕರಿ. ಗುಡಿಯ ಹೊಂಡದ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ಜೋಳದ ರೊಟ್ಟಿ, ಬದನಿಕಾಯಿ ಎಣಗಾಯಿ, ಮಡಕಿಕಾಳು, ಕೆಂಪು ಚಟ್ನಿ, ಮಡಕೆಯ ಗಟ್ಟಿ ಮೊಸರು ಬಡಿಸುತ್ತಾರೆ. ಇದಕ್ಕಿಂತ ರುಚಿಯಾದ ಊಟ ಹುಡುಕಿಕೊಂಡು ಸಮುದ್ರ ದಾಟುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಗಿರಾಕಿ ಕೂತ. ಬಡಿಸುವಾಕೆ ವಿಚಾರಣೆ ಶುರುಮಾಡಿದಳು.

“ಎಲ್ಲಿಂದ ಬಂದೀಯಪಾ?”

“ಬೆಂಗಳೂರು.”

“ನೌಕರಿ ಏನ ಮಾಡ್ತಿ?”

“ಬಿಟ್ಟಿದೀನಮ್ಮ. ಆರು ತಿಂಗಳಿಂದ ಸುಮ್ಮನೆ ಊರೂರು ತಿರುಗ್ತಿದೀನಿ.”

“ಲಗ್ನಾ?”

“ಇಲ್ಲ.”

ಆಕೆ ಪಕ್ಕದ ಬುಟ್ಟಿಯವಳ ಮುಖ ನೋಡಿದಳು, ಪಕ್ಕದವಳು ಇವನ ಪ್ಯಾಂಟು ನೋಡಿದಳು. “ನೌಕರಿ ಹೋತಂತ, ಹೆಣ್ಣೂ ಸಿಕ್ಕಿಲ್ಲಂತ, ಪಾಪ” ಎಂದು ಎರಡು ರೊಟ್ಟಿ, ಒಂದು ಸವುಟು ಮೊಸರು ಹೆಚ್ಚಿಗೆ ಹಾಕಿ, ಅದರ ದುಡ್ಡು ಬೇಡವೆಂದಳು. ತಾಯಿ ಬನಶಂಕರಿ ಎಲ್ಲ ನೆಟ್ಟಗೆ ಮಾಡತಾಳ, ಚಿಂತಿ ಮಾಡಬ್ಯಾಡ ಎಂದು ಧೈರ್ಯವನ್ನೂ ಹೇಳಿದಳು. ಇಲ್ಲಿನವರು ಪ್ರವಾಸಿಗರನ್ನು ಎಷ್ಟು ಪ್ರೀತಿಯಿಂದ ಕಾಣುತ್ತಾರೆ ಎಂದು ಗಿರಾಕಿ ಅಂದು ರಾತ್ರಿ ಎರಡು ಪುಟ ಬರೆದ.

ಮರುದಿನ ಪಟ್ಟದಕಲ್ಲಿಗೆ ಹೊರಟ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಬರೀ ಹೆಂಗಸರು. ಥಾಯ್ಲೆಂಡಿನವರು ಇವನಿಗೆ ಬಾಗಿಲು ತೆರೆದ ವರ್ಷವೇ, ಜೂನ್ ತಿಂಗಳಲ್ಲಿ, ಕರ್ನಾಟಕ ಸರ್ಕಾರ ಶಕ್ತಿ ಯೋಜನೆ ಮಾಡಿ ಹೆಂಗಸರಿಗೆ ಬಸ್ಸಿನ ಬಾಗಿಲು ತೆರೆದಿತ್ತು. ಕಿಟಕಿಯ ಪಕ್ಕ ಇಳಕಲ್ಲಿನ ಅಜ್ಜಿಯೊಬ್ಬಳು ಕೂತಿದ್ದಳು. ಮೈಮೇಲೆ ತೋಪು ತೆನಿ ಸೆರಗಿನ ಇಳಕಲ್ ಸೀರೆ, ಕಾಲ ಬುಡದಲ್ಲಿ ಒಂದೇ ಒಂದು ಕೈಚೀಲ. ಅದರಲ್ಲಿ ಇನ್ನೊಂದು ಸೀರೆ, ಕಡಕ್ ರೊಟ್ಟಿಯ ಬುತ್ತಿ, ಶೇಂಗಾ ಹಿಂಡಿ, ಆಧಾರ್ ಕಾರ್ಡು. ಈ ಸಾಮಾನಿನ ಮೇಲೆ ಅಜ್ಜಿ ಧರ್ಮಸ್ಥಳ, ಕೊಲ್ಲೂರು, ಮಲೆ ಮಹದೇಶ್ವರ ಬೆಟ್ಟ, ಸವದತ್ತಿ ಎಲ್ಲಮ್ಮನ ಗುಡ್ಡ ಮುಗಿಸಿದ್ದಳು. ಖರ್ಚೆಷ್ಟಾಯಿತು ಎಂದು ಗಿರಾಕಿ ಆಸೆಯಿಂದ ಕೇಳಿದ. ಹುಂಡಿಗೆ ಹಾಕಿದ್ದನ್ನು ಲೆಕ್ಕ ಇಡಬಾರದು, ಅದು ಬಿಟ್ಟರೆ ಬರೀ ಚಹಾದ ದುಡ್ಡು ಎಂದಳು ಅಜ್ಜಿ.

ಕಂಡಕ್ಟರ್ ಬಂದ. ಅಜ್ಜಿಗೆ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಇವನಿಗೆ ಪಟ್ಟದಕಲ್ಲಿಗೆ ಒಂದು ಕೊಟ್ಟ. ಆಮೇಲೆ ಸೀಟಿನ ಮೇಲೆ ಕೂತಿದ್ದ ಗಂಟನ್ನು ನೋಡಿ, “ಇವರ್ದೂ ತಗೀತೀರೋ, ಎಬ್ಬಸ್ತೀರೋ?” ಎಂದ. ಬಾಗಿಲಿನ ತನಕ ಹೆಂಗಸರು ನಿಂತಿದ್ದ ಆ ಬಸ್ಸಿನಲ್ಲಿ ಗಂಟನ್ನು ಎಬ್ಬಿಸಿ ಇಡಲು ಜಾಗವಾದರೂ ಎಲ್ಲಿ? ಗಂಟಿಗೂ ಟಿಕೆಟಾಯಿತು.

ಅಜ್ಜಿಯ ಕಣ್ಣು ಅಷ್ಟು ಹೊತ್ತಿನಿಂದ ಆನೆಗಳ ಮೇಲಿತ್ತು. ಹುಟ್ಟಿದಾಗಿನಿಂದ ಮಗ್ಗದ ಸದ್ದು ಕೇಳಿ, ಕಂಡಿಕೆ ಸುತ್ತಿ, ಸೀರೆಯ ಮೈಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಬೆಳೆದ ಕೈ ಅದು. ಬಟ್ಟೆ ಕಂಡರೆ ಸುಮ್ಮನಿರುವುದಿಲ್ಲ. ಪ್ಯಾಂಟಿನ ಅಂಚನ್ನು ಎರಡು ಬೆರಳ ನಡುವೆ ಹಿಡಿದು ತಿಕ್ಕಿದಳು.

“ಯಾವೂರ ನೇಗಿ ಇದು?”

“ಬ್ಯಾಂಕಾಕ್, ಅಜ್ಜಿ. ಇನ್ನೂರು ಹೇಳಿದ್ರು, ಚೌಕಾಸಿ ಮಾಡಿ ಅರ್ಧಕ್ಕೆ ಇಳಿಸಿದೆ.”

“ಅಲ್ಲಿ ರೊಕ್ಕಾನೋ ಇಲ್ಲಿ ರೊಕ್ಕಾನೋ?”

“ಅಲ್ಲಿದು. ಇಲ್ಲಿನ ಲೆಕ್ಕದಲ್ಲಿ ಇನ್ನೂರೈವತ್ತಾಗುತ್ತೆ.”

“ನೇಗಿ ಅಲ್ಲಪಾ ಇದು, ಅಚ್ಚು ಹೊಡದಾರ. ಎರಡ ಸಲ ತೊಳದ್ರ ಆನಿ ಹೋಗಿ ಹಂದಿ ಆಗತಾವು. ಎಪ್ಪತ್ತಕ ಬರತಿತ್ತು, ನೀ ಎದ್ದ ಬಂದೀಯೇನ ಬ್ಯಾರೇ ಅಂಗಡಿಗೆ?”

ಗಿರಾಕಿ ಮಾತು ಬದಲಿಸಿ, ಆಂಕೋರ್ ತೋರಿಸಲು ಫೋನು ತೆಗೆದ. ಅಜ್ಜಿ ಫೋಟೋಗಳನ್ನು ಸಮಾಧಾನದಿಂದ ನೋಡಿ, ಗುಡಿ ಛಲೋ ಅದಾವು, ಊಟಾ ಯಾರು ಹಾಕಿದರು ಎಂದಳು. ಹೋಟೆಲಿನಲ್ಲಿ ದುಡ್ಡು ಕೊಟ್ಟು ತಿಂದೆನೆಂದಾಗ ಆಕೆಗೆ ನಂಬಿಕೆಯೇ ಬರಲಿಲ್ಲ. ಅಷ್ಟು ದೊಡ್ಡ ದೇವಸ್ಥಾನ, ದಾಸೋಹ ಇಲ್ಲವೇ? ಆಮೇಲೆ ಶ್ರೀಶೈಲದ ಸುದ್ದಿ ಬಂತು. ಯುಗಾದಿಗೆ ಮುಂಚೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಮಂದಿ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ, ಕೆಲವರು ಮರಗಾಲು ಕಟ್ಟಿಕೊಂಡು. ದಾರಿಯ ಊರುಗಳಲ್ಲಿ ಗುರುತಿಲ್ಲದವರು ಕೈಹಿಡಿದು ಎಳೆದು ಉಣ್ಣಿಸುತ್ತಾರೆ, ಮಜ್ಜಿಗೆ ಕೊಡುತ್ತಾರೆ, ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಮಲಗಲು ಗುಡಿಯ ಕಟ್ಟೆ. ಗಿರಾಕಿಯ ಕಣ್ಣು ಅರಳಿತು. ಊಟ ಸೊನ್ನೆ, ವಸತಿ ಸೊನ್ನೆ, ಮಸಾಜು ಕೂಡ ಸೊನ್ನೆ! ಖಾವೊ ಸಾನ್ ರೋಡಿನಲ್ಲಿ ಕಾಲು ತಿಕ್ಕಿಸಿಕೊಳ್ಳಲು ಎಷ್ಟು ತೆತ್ತಿದ್ದ ಎಂಬುದು ಫೋನಿನಲ್ಲಿ ಇನ್ನೂ ಇತ್ತು.

“ಬುಕಿಂಗ್ ಎಲ್ಲಿ ಮಾಡಬೇಕು ಅಜ್ಜಿ?”

“ಮಲ್ಲಯ್ಯಗ ಹೇಳಬೇಕು. ತಿರಗಿ ಬರೂಮುಂದ ಅಷ್ಟ ರೊಕ್ಕ ಬೇಕಪಾ. ಆಂಧ್ರದ ಬಸ್ಸಿನಾಗ ನಮ್ಮ ಆಧಾರ್ ನಡಿಯೂದಿಲ್ಲ.”

ಗಿರಾಕಿ ಅದನ್ನು ಬರೆದುಕೊಳ್ಳತೊಡಗಿದ. ದಿನಕ್ಕೆಷ್ಟು ಮೈಲಿ, ನೀರೆಲ್ಲಿ, ಕಾಲಿಗೆ ಬೊಕ್ಕೆ ಬಂದರೆ ಏನು ಹಚ್ಚಬೇಕು, ಎಲ್ಲವನ್ನೂ ಅಜ್ಜಿ ಹೇಳಿದಳು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು ಅಷ್ಟರಲ್ಲಿ ಬಲಗಡೆ ಬಂತೋ ಎಡಗಡೆ ಬಂತೋ, ಹಿಂದೆ ಹೋಗಿತ್ತು. ಕಂಡಕ್ಟರ್ ಪೀಪಿ ಊದಿ, ಮಂದಿಯ ನಡುವೆ ಅಡ್ಡಡ್ಡ ತೂರಿಕೊಂಡು ಬಂದ.

“ಇನ್ನ ಐಹೊಳಿರೀ. ಮತ್ತೊಂದ ತಿಕೀಟ ತಗೀರಿ. ಗಂಟಿಂದೂ ಸೇರಸಿ ಕೊಡ್ರಿ, ಚಿಲ್ಲರಾ ಇಲ್ಲ.”