ಟುಂಯ್ ಎಂದದ್ದೆಲ್ಲ ಚಿನ್ನವಲ್ಲ

ಸಮುದ್ರಕ್ಕೆ ಇಳಿಯುವ ಮನುಷ್ಯ ಮೈಮೇಲೆ ಚಿನ್ನ ಯಾಕೆ ಹಾಕಿಕೊಂಡಿರುತ್ತಾನೆ ಎಂದು ಕೇಳಬೇಡಿ. ಬ್ಯಾಂಕಿನ ಲಾಕರಿನಲ್ಲಿಟ್ಟರೆ ಯಾರು ನೋಡಬೇಕು? ಪಣಂಬೂರಿಗೋ ಮಲ್ಪೆಗೋ ಬಂದ ಮೇಲೆ ಫೋಟೋ ಆಗಲೇಬೇಕು. ಫೋಟೋದಲ್ಲಿ ಕುತ್ತಿಗೆ ಬೋಳಾಗಿ ಕಂಡರೆ ಊರಿನಲ್ಲಿರುವ ನಾದಿನಿ ಏನೆಂದುಕೊಂಡಾಳು? ಹೀಗಾಗಿ ಸರ, ಬಳೆ, ಓಲೆ, ಉಂಗುರ ಸಮೇತ ಇಡೀ ಸಂಸಾರ ಮೊಣಕಾಲುದ್ದ ನೀರಿಗೆ ಇಳಿಯುತ್ತದೆ. ಮೊಬೈಲುಗಳನ್ನು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದಡದಲ್ಲಿ ಕೂತ ಅಜ್ಜಿಯ ಮಡಿಲಿಗೆ ಹಾಕಿರುತ್ತಾರೆ. ಹದಿನೈದು ಸಾವಿರದ ಮೊಬೈಲಿಗಿರುವ ಕಾವಲು ಲಕ್ಷದ ಸರಕ್ಕಿಲ್ಲ.

ಆಮೇಲೆ ಏನಾಗುತ್ತದೆಂದು ನಿಮಗೆ ಗೊತ್ತು. ನೀರಿನ ತಂಪಿಗೆ ಬೆರಳು ಸಣ್ಣಗಾಗುತ್ತದೆ. ಮನೆಯಿಂದ ಹೊರಡುವಾಗ ಹಚ್ಚಿದ ಕೊಬ್ಬರಿ ಎಣ್ಣೆಯೋ ಬಿಸಿಲಿನ ಕ್ರೀಮೋ ಜೊತೆಗೂಡುತ್ತದೆ. ಇವರು ಅವರಿಗೆ ನೀರೆರಚುತ್ತಾರೆ, ಅವರು ಇವರಿಗೆ. ಉಂಗುರ ಸದ್ದಿಲ್ಲದೆ ಜಾರುತ್ತದೆ. “ರೀ, ಬೆರಳೆಲ್ಲಿ?” ಎಂದು ಹೆಂಡತಿ ಗಾಬರಿಯಲ್ಲಿ ಕೇಳುತ್ತಾಳೆ. ಬೆರಳು ಅಲ್ಲೇ ಇದೆ ತಾಯಿ, ಹೋದದ್ದು ನಿಮ್ಮಪ್ಪ ಹಾಕಿದ ಉಂಗುರ.

ಅಲ್ಲಿಂದ ಶುರು. ಭಾವ, ಮೈದುನ, ಚಿಕ್ಕಪ್ಪನ ಮಕ್ಕಳು, ಪಕ್ಕದ ಬಸ್ಸಿನವರು, ಚರುಮುರಿ ಮಾರುವವನು, ಎಲ್ಲರೂ ಆ ಜಾಗಕ್ಕೇ ಬಂದು ಕಾಲಿನಲ್ಲಿ ತಡಕುತ್ತಾರೆ. “ಎಂತ ಬಿದ್ದದ್ದು ಮಾರಾಯ್ರೆ?” ಎಂದು ಕೇಳಿದವರಿಗೆಲ್ಲ ಎಷ್ಟು ಗ್ರಾಮು, ಯಾವ ಅಂಗಡಿಯದು, ಆಗ ರೇಟು ಎಷ್ಟಿತ್ತು ಎಂದು ವಿವರಿಸಲಾಗುತ್ತದೆ. ಅಷ್ಟರಲ್ಲಿ ಉಂಗುರ ತನ್ನ ಪಾಡಿಗೆ ಪಾತಾಳದ ದಾರಿ ಹಿಡಿದಿರುತ್ತದೆ. ಅಪ್ಪಟ ಚಿನ್ನ ನೀರಿಗಿಂತ 19 ಪಟ್ಟು ಭಾರ, ಮರಳಿನ ಕಣ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. ಹಿಂದೆ ಸರಿಯುವ ಅಲೆ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುತ್ತದೆ, ಭಾರದ ವಸ್ತು ಕುಸಿದು ಕೂರುತ್ತದೆ, ಮುಂದಿನ ಅಲೆ ಮೇಲೆ ಮರಳು ಮುಚ್ಚುತ್ತದೆ. ಸಮುದ್ರ ಮಾಡಬೇಕಾದ ಕೆಲಸವನ್ನು ಬೇಗ ಮುಗಿಸಿಕೊಡುವವರು ನಮ್ಮ ಹಿತೈಷಿಗಳ ಹತ್ತಿಪ್ಪತ್ತು ಜೊತೆ ಕಾಲುಗಳು.

ಇಂಗ್ಲೆಂಡಿನಲ್ಲೋ ಆಸ್ಟ್ರೇಲಿಯಾದಲ್ಲೋ ಆಗಿದ್ದರೆ ಈ ಹೊತ್ತಿಗೆ ಒಬ್ಬ ನಿವೃತ್ತ ಮಹಾಶಯ ಪ್ರತ್ಯಕ್ಷನಾಗುತ್ತಿದ್ದ. ಕಿವಿಗೆ ಹೆಡ್‌ಫೋನು, ಒಂದು ಕೈಯಲ್ಲಿ ತುದಿಗೆ ತಟ್ಟೆ ಸಿಕ್ಕಿಸಿದ ಕೋಲಿನಂಥ ಲೋಹ ಹುಡುಕುವ ಯಂತ್ರ, ಇನ್ನೊಂದರಲ್ಲಿ ತೂತುತೂತಾದ ಸ್ಟೀಲಿನ ಸಲಿಕೆ. ದೂರದಿಂದ ನೋಡಿದರೆ ಸಮುದ್ರಕ್ಕೆ ಇಸ್ತ್ರಿ ಹಾಕಲು ಬಂದವನ ಹಾಗೆ ಕಾಣುತ್ತಾನೆ. ಬೆಳಗಿನ ಜಾವ ಹೆಂಡತಿ ಏಳುವ ಮೊದಲೇ ಮನೆ ಬಿಟ್ಟಿರುತ್ತಾನೆ. ಈ ಹವ್ಯಾಸಕ್ಕೆ ಅರ್ಧ ಕಾರಣ ಅದೇ ಇರಬೇಕೆಂದು ನನ್ನ ಗುಮಾನಿ. ಇಂಥವರಿಗೆ ಊರೂರಿನಲ್ಲಿ ಕ್ಲಬ್ಬುಗಳಿವೆ. ಬ್ರಿಟನ್ನಿನ ರಾಜಪದವಿಗೆ ಸೇರಿದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್ ತನ್ನ ಪಾಲಿನ ಕಡಲತೀರದಲ್ಲಿ ಹುಡುಕಿಕೊಳ್ಳಿ ಎಂದು ಅನುಮತಿ ಕೊಟ್ಟಿದೆ. ಕೆನಡಾದ ವ್ಯಾಂಕೂವರಿನಲ್ಲಿ ಕ್ರಿಸ್ ಟರ್ನರ್ ಎಂಬಾತ ಉಂಗುರ ಹುಡುಕುವವರದ್ದೇ ಒಂದು ಬಳಗ ಕಟ್ಟಿ ಹೆಸರಾಗಿದ್ದಾನೆ. ಅದರಲ್ಲಿ ಈಗ ಬೇರೆ ಬೇರೆ ದೇಶದವರಿದ್ದಾರೆ. ಬಹಳ ಮಂದಿ ಸಿಕ್ಕಿದ ಮೇಲೆ ಕೊಟ್ಟಷ್ಟು ತೆಗೆದುಕೊಳ್ಳುತ್ತಾರೆ. ಕಳೆದುಕೊಂಡವರು ಅತ್ತು, ನಕ್ಕು, ಅಪ್ಪಿಕೊಳ್ಳುವ ವಿಡಿಯೋ ಬೇರೆ ಲಾಭ.

ಯಂತ್ರದ ಗುಟ್ಟು ಸರಳ. ತಟ್ಟೆಯೊಳಗಿನ ತಂತಿಯ ಸುರುಳಿ ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಕೆಳಗೆ ಲೋಹವಿದ್ದರೆ ಅದರಲ್ಲಿ ವಿದ್ಯುತ್ತು ಸುಳಿಸುಳಿಯಾಗಿ ಹರಿದು ಮರುಕ್ಷೇತ್ರ ಎಬ್ಬಿಸುತ್ತದೆ, ಕಿವಿಯಲ್ಲಿ ಟುಂಯ್. ಉಪ್ಪುನೀರೂ ವಿದ್ಯುತ್ತು ಹರಿಸುವುದರಿಂದ ಅಗ್ಗದ ಯಂತ್ರಗಳು ಒದ್ದೆ ಮರಳಿನಲ್ಲಿ ಸುಮ್ಮಸುಮ್ಮನೆ ಕಿರುಚುತ್ತವೆ. ಸಮುದ್ರಕ್ಕಾಗಿ ಮಾಡಿದ ‘ಪಲ್ಸ್ ಇಂಡಕ್ಷನ್’ ಯಂತ್ರಗಳಿಗೆ ಈ ಚಾಳಿ ಕಡಿಮೆ. ಆದರೂ ಉಂಗುರದಷ್ಟು ಸಣ್ಣ ವಸ್ತು ಒಂದು ಗೇಣಿಗಿಂತ ಬಹಳ ಕೆಳಗೆ ಹೋಯಿತೆಂದರೆ ಕೈಬಿಟ್ಟಂತೆಯೇ.

ದೊಡ್ಡ ತಮಾಷೆ ಇರುವುದು ಸದ್ದಿನಲ್ಲಿ. ತಂಪುಪಾನೀಯದ ಡಬ್ಬಿಯ ಬಾಯಿ ತೆರೆಯಲು ಎಳೆಯುತ್ತೇವಲ್ಲ, ಆ ಅಲ್ಯುಮಿನಿಯಂ ಬಳೆ, ಅದರ ಸದ್ದೂ ಚಿನ್ನದ ಉಂಗುರದ ಸದ್ದೂ ಹೆಚ್ಚುಕಡಿಮೆ ಒಂದೇ. ಕಸ ಬೇಡವೆಂದು ಯಂತ್ರಕ್ಕೆ ಹೇಳಿಟ್ಟರೆ ಅದು ಚಿನ್ನವನ್ನೂ ಬೇಡವೆನ್ನುತ್ತದೆ. ಆದ್ದರಿಂದ ಬಂಗಾರದ ಆಸೆಗೆ ಹೊರಟ ಮಹಾಶಯ ಮಧ್ಯಾಹ್ನದವರೆಗೆ ಅಗೆದು ಅಗೆದು, ಬಿಯರ್ ಮುಚ್ಚಳ, ಡಬ್ಬಿ ಚೂರು, ತುಕ್ಕು ಮೊಳೆ ತುಂಬಿದ ಚೀಲ ಹೊತ್ತು ಮನೆಗೆ ಬರುತ್ತಾನೆ. ಕಡಲತೀರ ಗುಡಿಸಲು ಸಂಬಳ ಕೊಟ್ಟು ಇಟ್ಟುಕೊಂಡವರೂ ಇಷ್ಟು ಶ್ರದ್ಧೆಯಿಂದ ಗುಡಿಸಲಾರರು.

ಈ ಯಂತ್ರ ಹುಟ್ಟಿನಲ್ಲೇ ಮುಗ್ಗರಿಸಿದ್ದು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡೇಟು ಬಿದ್ದಾಗ ಟೆಲಿಫೋನಿನ ಗ್ರಹಾಂ ಬೆಲ್ ಇಂಥದ್ದೇ ಸಾಧನ ಮಾಡಿಕೊಂಡು ಮೈಯೊಳಗಿನ ಗುಂಡು ಹುಡುಕಲು ಹೋದ. ಗುಂಡು ಸಿಗಲಿಲ್ಲ. ಹಾಸಿಗೆಯೊಳಗಿದ್ದ ಲೋಹದ ಸ್ಪ್ರಿಂಗುಗಳು ಸದ್ದು ಕೆಡಿಸಿದವು ಎನ್ನುತ್ತಾರೆ. ವೈದ್ಯರು ತಾವು ಹೇಳಿದ ಪಕ್ಕದಲ್ಲೇ ಹುಡುಕೆಂದು ಹಟ ಹಿಡಿದದ್ದೂ ಒಂದು ಕಾರಣ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಯೋಧ ಯೂಜೆಫ್ ಕೊಸಾಟ್ಸ್ಕಿ ಮಾಡಿದ ನೆಲಬಾಂಬ್ ಶೋಧಕ 1942ರ ಎಲ್ ಅಲಮೈನ್ ಕದನದಲ್ಲಿ ಎಷ್ಟೋ ಸೈನಿಕರ ಕಾಲು ಉಳಿಸಿತು. ಅದರ ಮೊಮ್ಮಕ್ಕಳು ಈಗ ಮದುಮಕ್ಕಳ ಉಂಗುರ ಹುಡುಕುತ್ತವೆ. ಸಿಡಿಯುವ ಅಪಾಯ ಇಲ್ಲಿಯೂ ಇಲ್ಲವೆಂದಲ್ಲ.

ನಮ್ಮ ಒಡವೆಗಳನ್ನು ಈ ಯಂತ್ರದ ಮುಂದೆ ಇಟ್ಟರೆ ಇನ್ನೂ ಮಜಾ. ಅದಕ್ಕೆ ಪ್ರಿಯವಾದದ್ದು ಒಡೆಯದ ಬಳೆ, ಒಡೆಯದ ಉಂಗುರ: ಸುತ್ತು ಪೂರ್ತಿಯಾಗಿದ್ದರೆ ವಿದ್ಯುತ್ತು ಸರಾಗವಾಗಿ ಸುತ್ತುತ್ತದೆ. ಸಣ್ಣ ಎಳೆಯ ಸರ ಎಂದರೆ ಅದಕ್ಕೆ ಆಗಿಬರುವುದಿಲ್ಲ. ಪ್ರತಿಯೊಂದು ಕೊಂಡಿಯೂ ತನ್ನ ಪುಟ್ಟ ಸುತ್ತಿನಲ್ಲೇ ಮುಗಿದುಹೋಗುತ್ತದೆ. ನಾಲ್ಕು ಪವನಿನ ಸರಕ್ಕಿಂತ ಅದರ ಕೊಕ್ಕೆಯೇ ಜೋರಾಗಿ ಕೂಗುವುದುಂಟು. ಕರಿಮಣಿ ಸರ? ಮಣಿಗಳು ಗಾಜು, ಯಂತ್ರದ ಲೆಕ್ಕಕ್ಕಿಲ್ಲ. ತಾಳಿಬೊಟ್ಟು ಮಾತ್ರ ಮಾತನಾಡೀತು. ವಜ್ರ ಎಷ್ಟು ಕ್ಯಾರಟ್ಟಿನದಾದರೂ ಯಂತ್ರಕ್ಕೆ ಅದು ಬರೀ ಕಲ್ಲು. ಮೂಗುಬೊಟ್ಟು, ಓಲೆಯ ತಿರುಪು ಇವನ್ನು ಮನೆಯ ಚಾಪೆಯ ಮೇಲೇ ಹುಡುಕಲಾಗದವರು ಅರಬ್ಬಿ ಸಮುದ್ರದಲ್ಲಿ ಹುಡುಕುವ ಮಾತು ಎತ್ತಲೇಬಾರದು.

ಹಾಗೆ ನೋಡಿದರೆ ನೀರಿಗೆ ಬಿದ್ದ ಉಂಗುರದ ವ್ಯವಹಾರದಲ್ಲಿ ನಮ್ಮ ಅನುಭವ ಯಾರಿಗೂ ಕಡಿಮೆಯಿಲ್ಲ. ಮಹಾಭಾರತದ ಶಕುಂತಲೆಯ ಕಥೆಯಲ್ಲಿ ಉಂಗುರವೇ ಇಲ್ಲ. ಅದನ್ನು ನೀರಿಗೆ ಬೀಳಿಸಿದ್ದು ಕಾಳಿದಾಸ. ಮೀನಿನ ಹೊಟ್ಟೆಯಲ್ಲಿ ಅದನ್ನು ಕಂಡ ಬೆಸ್ತನಿಗೆ ಮೊದಲು ಸಿಕ್ಕಿದ್ದು ಹಾರವಲ್ಲ, ಏಟು. ಕಾವಲುಗಾರರು ಕೈ ಹಿಂದಕ್ಕೆ ಕಟ್ಟಿ ಎಳೆದುಕೊಂಡು ಹೋದರು. ರಾಜನ ಭಾವಮೈದುನನೇ ನಗರದ ಪೊಲೀಸ್ ಮುಖ್ಯಸ್ಥ. ನೇಮಕಾತಿಯ ಪದ್ಧತಿ ಆಗಲೇ ಹೀಗಿತ್ತು. ಕೊನೆಗೆ ರಾಜ ಉಂಗುರದ ಬೆಲೆಯಷ್ಟೇ ಹಣ ಇನಾಮು ಕೊಟ್ಟ. ಬೆಸ್ತ ಅದರಲ್ಲಿ ಅರ್ಧವನ್ನು ಕಾವಲುಗಾರರಿಗೆ ಕೊಟ್ಟ, ಎಲ್ಲರೂ ಗೆಳೆಯರಾಗಿ ಹೆಂಡದಂಗಡಿಗೆ ನಡೆದರು. ಕಳೆದ ವಸ್ತುವಿನ ಕಚೇರಿ ವ್ಯವಹಾರವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಬರೆದಿಲ್ಲ.

ಈಗಿನ ಕಾನೂನೂ ರಸವತ್ತಾಗಿದೆ. 1872ರ ಭಾರತೀಯ ಕರಾರು ಕಾಯ್ದೆಯ 168ನೇ ಕಲಮಿನ ಪ್ರಕಾರ, ವಸ್ತು ಸಿಕ್ಕಿದವನು ಪಟ್ಟ ಶ್ರಮಕ್ಕಾಗಿ ಮಾಲೀಕನ ಮೇಲೆ ದಾವೆ ಹಾಕುವಂತಿಲ್ಲ; ಆದರೆ ಪರಿಹಾರ ಕೊಡುವ ತನಕ ವಸ್ತುವನ್ನು ತನ್ನಲ್ಲೇ ಇಟ್ಟುಕೊಳ್ಳಬಹುದು. ಮಾಲೀಕ ಇಷ್ಟು ಬಹುಮಾನ ಎಂದು ಸಾರಿದ್ದರೆ ಅದಕ್ಕೆ ದಾವೆಯನ್ನೂ ಹಾಕಬಹುದು. ಆದ್ದರಿಂದ ಅಳುವಿನ ಭರದಲ್ಲಿ “ಹುಡುಕಿಕೊಟ್ಟವರಿಗೆ ಕೇಳಿದ್ದು ಕೊಡುತ್ತೇನೆ” ಎಂದು ದಡದಲ್ಲಿ ನಿಂತು ಕೂಗಬೇಡಿ, ಚರುಮುರಿಯವನು ಕೇಳಿಸಿಕೊಂಡಿರುತ್ತಾನೆ. ನೆಲದಲ್ಲಿ ಹುದುಗಿಸಿಟ್ಟ ನಿಧಿ ಸಿಕ್ಕರೆ 1878ರ ಬೇರೆಯೇ ಕಾಯ್ದೆ ಇದೆ; ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಇಂಗ್ಲೆಂಡಿನಲ್ಲಿ ಹಳೆಯ ನಿಧಿಯ ಸಂಗತಿಯನ್ನು 14 ದಿನದೊಳಗೆ ಕರೋನರ್ ಎಂಬ ಅಧಿಕಾರಿಗೆ ತಿಳಿಸುತ್ತಾರೆ. ಅನುಮಾನದ ಸಾವುಗಳನ್ನು ವಿಚಾರಿಸುವವನೂ ಅವನೇ. ಚಿನ್ನಕ್ಕೂ ಹೆಣಕ್ಕೂ ಒಂದೇ ಟೇಬಲ್ಲು.

ಮಳೆಗಾಲದಲ್ಲಿ ಸಮುದ್ರ ನಮ್ಮ ತೀರದ ಮರಳನ್ನು ಒಳಗೆ ಎಳೆದುಕೊಳ್ಳುತ್ತದೆಂದೂ, ಜನವರಿಯಲ್ಲಿ ಹುಗಿದದ್ದು ಜುಲೈಯಲ್ಲಿ ಮೇಲೆ ಕಂಡೀತೆಂದೂ ಯಾರಾದರೂ ಹುರಿದುಂಬಿಸಿಯಾರು. ಮರಳಿನ ಮಾತು ನಿಜ. ಆದರೆ ಆಗಲೇ ಮಲ್ಪೆಯಲ್ಲಿ ಬಲೆ ಕಟ್ಟಿ ಯಾರನ್ನೂ ನೀರಿಗೆ ಬಿಡದಿರುವುದು. ಉಂಗುರದ ಹಿಂದೆ ಬೆರಳಿನ ಯಜಮಾನನೂ ಹೋಗುವುದು ಬೇಡ.

ಬಿದ್ದೇ ಬಿಟ್ಟರೆ ಇಷ್ಟು ಮಾಡಿ. ನಿಂತಲ್ಲೇ ನಿಲ್ಲಿ. ಎದುರಿಗೆ ಒಂದು ತೆಂಗಿನಮರ, ಪಕ್ಕಕ್ಕೆ ಒಂದು ಐಸ್‌ಕ್ರೀಂ ಅಂಗಡಿ ಹೀಗೆ ಎರಡು ಗುರುತು ಇಟ್ಟುಕೊಳ್ಳಿ. ಐಸ್‌ಕ್ರೀಮಿನ ತಳ್ಳುಗಾಡಿ ಬೇಡ, ಅದು ಸಂಜೆಗೆ ಬೇರೆ ಕಡೆ ಹೋಗುತ್ತದೆ. ಮೊಬೈಲು ಹಿಡಿದ ಅಜ್ಜಿಯನ್ನು ಕೂಗಿ ಆ ಜಾಗದ ಫೋಟೋ ತೆಗೆಸಿ, ಹೊತ್ತು ಬರೆದುಕೊಳ್ಳಿ. ಬಂಧುಬಳಗವನ್ನೆಲ್ಲ ಚರುಮುರಿ ತಿನ್ನಲು ಕಳಿಸಿ. ಇಳಿತದ ಹೊತ್ತಿಗೆ ನೀರು ಹಿಂದೆ ಹೋದ ಮೇಲೆ ಹುಡುಕಿ. ಕಳೆದದ್ದು ದಪ್ಪ ಉಂಗುರವಾದರೆ ಯಂತ್ರದವರನ್ನು ಕರೆಯಿರಿ, ಮೂಗುಬೊಟ್ಟಾದರೆ ನೇರವಾಗಿ ಅಕ್ಕಸಾಲಿಯನ್ನು.