ಮರ ಮಲಗಿತೋ, ಎದ್ದಿತೋ

ಹೊತ್ತು ಮುಳುಗಿದ ಮೇಲೆ ಗಿಡದಿಂದ ಎಲೆ, ಹೂವು ಕೀಳಬಾರದು, ಅದು ಮಲಗಿರುತ್ತೆ ಅಂತ ನಮ್ಮ ಕಡೆ ಅಜ್ಜಿಯರು ಹೇಳುತ್ತಾರೆ. ಮಧ್ಯಪ್ರದೇಶದ ಗೊಂಡ ಬುಡಕಟ್ಟಿನವರನ್ನು ಕೇಳಿದರೆ ಮಾತು ತಿರುಗಾಮುರುಗಾ. ನೆರಳು ಕೊಡು, ಹಣ್ಣು ಕೊಡು, ಹಕ್ಕಿಗೆ ಜಾಗ ಕೊಡು ಅಂತ ಹಗಲೆಲ್ಲ ಮರಕ್ಕೆ ಪುರುಸೊತ್ತೇ ಇರೋದಿಲ್ಲವಂತೆ. ಬಂದವರೆಲ್ಲ ಎದ್ದು ಹೋದ ಮೇಲೆ, ರಾತ್ರಿ, ಅದರೊಳಗಿನ ಚೇತನ ಕಾಣಿಸಿಕೊಳ್ಳುತ್ತಂತೆ.

ಇದನ್ನು ಕಾಂಪೌಂಡಿನ ಆಚೆಯಿದ್ದ ಡ್ರಾಯಿಂಗ್ ಮೇಷ್ಟ್ರಿಗೆ ಹೇಳಿದೆ. ರಿಟೈರಾದ ಮೇಲೆ ಅವರಿಗೆ ದಾಸವಾಳದ ಗಿಡಕ್ಕೆ ನೀರು ಹಾಕೋದು, ನನ್ನ ಜೊತೆ ವಾದ ಮಾಡೋದು, ಎರಡೇ ಕೆಲಸ. "ಹಾಗಾದ್ರೆ ಅವರ ಮರ ನಮ್ಮ ಮನೆ ಹೆಂಗಸರ ಹಾಗೇ ಅನ್ನಮ್ಮ. ಎಲ್ಲರೂ ಮಲಗಿದ ಮೇಲೇ ಬಿಡುವು," ಅಂದರು. ಒಳಗಿನಿಂದ ಅವರ ಮನೆಯಾಕೆ, "ಇಷ್ಟೆಲ್ಲ ಗೊತ್ತಿದ್ದೂ ಒಂದು ದಿನ ಒಂದು ಲೋಟ ತೊಳೆದಿಟ್ಟಿದ್ದು ಕಾಣೆ," ಅಂದರು. ಮೇಷ್ಟ್ರಿಗೆ ಅದು ಕೇಳಿಸಲಿಲ್ಲ. ಇಂಥದ್ದು ಕೇಳಿಸೋದೂ ಇಲ್ಲ.

ನನ್ನ ಕೈಲಿ ಇದ್ದದ್ದು 'ದಿ ನೈಟ್ ಲೈಫ್ ಆಫ್ ಟ್ರೀಸ್' ಅನ್ನೋ ಪುಸ್ತಕ. ಚೆನ್ನೈನ ತಾರಾ ಬುಕ್ಸ್ 2006ರಲ್ಲಿ ತಂದದ್ದು. ಗೊಂಡ ಕಲಾವಿದರು ಮೂವರು, ಭಜ್ಜು ಶ್ಯಾಮ್, ದುರ್ಗಾ ಬಾಯಿ, ರಾಮ್ ಸಿಂಗ್ ಉರ್ವೇತಿ, ಸೇರಿ ಮಾಡಿದ್ದು. ಗೋಡೆ ಮೇಲಿಂದ ಚಾಚಿದೆ. ಮೇಷ್ಟ್ರು ಪಂಚೆಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ಹಾಳೆ ಪೂರಾ ಕಪ್ಪು. ಆ ಕಪ್ಪಿನ ಮೇಲೆ ಹಸಿರು, ಹಳದಿ, ಕಿತ್ತಳೆ ಮರಗಳು. ಅವರು ನೋಡೋ ಮೊದಲು ಹೆಬ್ಬೆರಳಿನಿಂದ ಸವರಿದರು. ಬಣ್ಣ ಬೆರಳಿಗೆ ತಡೆಯುತ್ತೆ. ಆಮೇಲೆ ಮೂಗಿನ ಹತ್ತಿರ ಹಿಡಿದರು. "ಇದು ಮಷೀನಿನಲ್ಲಿ ಹೊಡೆದದ್ದಲ್ಲ. ಸ್ಕ್ರೀನ್ ಪ್ರಿಂಟಿಂಗ್!"

"ಮದುವೆ ಕಾಗದ ಮಾಡಿಸ್ತೀವಲ್ಲ, ಅದೇನಾ?" ಅಂದೆ.

ಅದೇ. ಚೌಕಟ್ಟಿಗೆ ಬಿಗಿದ ಬಟ್ಟೆ, ಅದರ ಮೇಲೆ ಶಾಯಿ, ರಬ್ಬರ್ ಪಟ್ಟಿಯಲ್ಲಿ ಒಂದು ಎಳೆತ. ಒಂದೊಂದು ಬಣ್ಣಕ್ಕೂ ಬೇರೆ ಚೌಕಟ್ಟು. ಒಂದು ಬಣ್ಣ ಒಣಗೋವರೆಗೆ ಇನ್ನೊಂದನ್ನು ಮುಟ್ಟೋ ಹಾಗಿಲ್ಲ. ಎರಡನೇ ಬಣ್ಣ ಕೂದಲೆಳೆಯಷ್ಟು ಜರುಗಿದರೂ ಆ ಹಾಳೆ ರದ್ದಿಗೆ. ಚೆನ್ನೈನಲ್ಲಿ ಆರುಮುಗಂ ಅನ್ನೋರ ತಂಡ ಇಡೀ ಪುಸ್ತಕವನ್ನು ಹೀಗೆ ಕೈಯಲ್ಲೇ ಮಾಡುತ್ತೆ. ಹಾಳೆಯೂ ಕೈಕಾಗದ, ಹೊಲಿಗೆಯೂ ಕೈಯದು. ಪ್ರತಿಯೊಂದು ಪ್ರತಿಗೂ ಬೇರೆ ಬೇರೆ ನಂಬರು. 2008ರಲ್ಲಿ ಇಟಲಿಯ ಬೊಲೋನ್ಯಾ ಮಕ್ಕಳ ಪುಸ್ತಕ ಮೇಳದಲ್ಲಿ ಪ್ರಶಸ್ತಿಯೂ ಬಂತು.

"ಒಂದು ಪುಸ್ತಕಕ್ಕೆ ಮೂವರು ಕಲಾವಿದರು! ಜಗಳ ಆಡಲಿಲ್ವೇ?" ಮೇಷ್ಟ್ರ ಅನುಮಾನ. ಅವರ ಸ್ಕೂಲಲ್ಲಿ ವಾರ್ಷಿಕೋತ್ಸವದ ಪರದೆಗೆ ಇಬ್ಬರು ಡ್ರಾಯಿಂಗ್ ಮೇಷ್ಟ್ರನ್ನು ಹಾಕಿದ್ದರಂತೆ. ಹಿಮಾಲಯದ ಪಕ್ಕ ತೆಂಗಿನ ಮರ ಬಂದಿತ್ತಂತೆ.

ಇಲ್ಲಿ ಹಾಗಾಗಲಿಲ್ಲ. ಗೊಂಡ ಚಿತ್ರ ಬರೆಯೋರಿಗೆ ಒಂದು ಪದ್ಧತಿ ಇದೆ. ಆಕಾರದ ಒಳಗೆ ತುಂಬೋ ಗೆರೆ, ಚುಕ್ಕಿ, ಕೊಂಡಿಗಳ ವಿನ್ಯಾಸ ಒಬ್ಬೊಬ್ಬರದು ಒಂದೊಂದು. ಅದೇ ಅವರ ಸಹಿ. ಇನ್ನೊಬ್ಬರದನ್ನು ಎತ್ತಿಕೊಳ್ಳೋದು ಮರ್ಯಾದೆ ಅಲ್ಲ. ಅದಕ್ಕೇ ಪುಟ ತಿರುವಿದ ಹಾಗೆ ಕೈ ಬದಲಾಗೋದು ಗೊತ್ತಾಗುತ್ತೆ, ಕಾಡು ಮಾತ್ರ ಒಂದೇ ಆಗಿರುತ್ತೆ. ಒಂದು ಚಿತ್ರದಲ್ಲಿ ಹಾವು ಸುತ್ತಿಕೊಂಡಿದೆ. ಭೂಮಿಯನ್ನು ಹೊತ್ತದ್ದು ಹಾವು, ಭೂಮಿಯನ್ನು ಹಿಡಿದಿಟ್ಟದ್ದು ಬೇರು, ಹಾಗಾಗಿ ಯಾವುದನ್ನು ಬರೆದರೂ ಒಂದೇ ಅನ್ನೋದು ಅವರ ಲೆಕ್ಕ. ಮೇಷ್ಟ್ರು ಆ ಪುಟದಲ್ಲೇ ನಿಂತುಬಿಟ್ಟರು. ಪೈಪಿನ ನೀರು ದಾಸವಾಳ ಬಿಟ್ಟು ನನ್ನ ತುಳಸಿ ಕಟ್ಟೆ ಕಡೆ ಹರಿಯಿತು.

ಇವರೆಲ್ಲ ಪರಧಾನ ಗೊಂಡರು. ಹಿಂದಿನಿಂದ ಇವರ ಕಸುಬು ಕಥೆ ಹಾಡೋದು. 'ಬಾನಾ' ಅನ್ನೋ ತಂತಿವಾದ್ಯ ಹಿಡಿದು ಮನೆಮನೆಗೆ ಹೋಗಿ ವಂಶಾವಳಿ, ದೇವರ ಕಥೆ ಹಾಡಿ ಕಾಳುಕಡ್ಡಿ ಪಡೆಯೋರು. ಇವರ ದೊಡ್ಡ ದೇವರು ಬಡಾ ದೇವ್ ಇರೋದು ಸಾಜಾ ಮರದಲ್ಲಿ. ಸಾಜಾ ಅಂದರೆ ಬೇರೇನಲ್ಲ, ನಮ್ಮ ಮಲೆನಾಡಿನ ಮತ್ತಿ ಮರವೇ. ಹಾಡಿಸೋ ಮನೆಗಳು ಕಮ್ಮಿಯಾದವು, ಬಾನಾ ಮೂಲೆ ಸೇರಿತು. 1980ರ ದಶಕದ ಮೊದಲಲ್ಲಿ ಭೋಪಾಲದ ಭಾರತ ಭವನ ಅನ್ನೋ ಕಲಾಕೇಂದ್ರಕ್ಕಾಗಿ ಕಲಾವಿದರನ್ನು ಹುಡುಕುತ್ತಿದ್ದ ಚಿತ್ರಕಾರ ಜೆ. ಸ್ವಾಮಿನಾಥನ್ ಅವರ ತಂಡದ ಕಣ್ಣಿಗೆ ಪಾಟನ್‌ಗಢ ಅನ್ನೋ ಹಳ್ಳಿಯಲ್ಲಿ ಗೋಡೆ ಮೇಲಿನ ಚಿತ್ರ ಬಿತ್ತು. ಬರೆದವನು ಜಂಗಢ್ ಸಿಂಗ್ ಶ್ಯಾಮ್ ಅನ್ನೋ ಹುಡುಗ. ಅವನು ಭೋಪಾಲಕ್ಕೆ ಬಂದ, ಹಿಂದೆಯೇ ನೆಂಟರಿಷ್ಟರೂ ಬಂದರು. ಹಾಡಾಗಿದ್ದ ಕಥೆ ಕಾಗದಕ್ಕೆ ಇಳಿಯಿತು.

ಹಾಗೆ ಬಂದವರಲ್ಲಿ ಭಜ್ಜುವೂ ಒಬ್ಬರು. ಕುಂಚ ಹಿಡಿಯೋ ಮೊದಲು ಭೋಪಾಲದಲ್ಲಿ ಅವರು ಮಾಡಿದ ಕೆಲಸಗಳಲ್ಲಿ ಒಂದು ಯಾವುದು ಗೊತ್ತೇ? ರಾತ್ರಿ ಕಾವಲು!

"ಅದಕ್ಕೇ ಮತ್ತೆ!" ಮೇಷ್ಟ್ರು ಗೋಡೆ ತಟ್ಟಿದರು. "ಮರ ರಾತ್ರಿ ಏನು ಮಾಡುತ್ತೆ ಅಂತ ಕಾವಲುಗಾರನಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ?" ಮುಂದೆ ಲಂಡನ್ನಿನಲ್ಲಿ ಒಂದು ಹೋಟೆಲಿನ ಗೋಡೆಗೆ ಚಿತ್ರ ಬರೆಯೋಕೆ ಹೋದ ಇದೇ ಭಜ್ಜು, ಬಿಗ್ ಬೆನ್ ಗಡಿಯಾರವನ್ನು ಹುಂಜ ಮಾಡಿದರು, ನೆಲದಡಿಯ ರೈಲನ್ನು ಎರೆಹುಳು ಮಾಡಿದರು. ಅದೂ 2004ರಲ್ಲಿ ಪುಸ್ತಕವಾಯಿತು. ಅವರಿಗೆ 2018ರಲ್ಲಿ, ದುರ್ಗಾ ಬಾಯಿಗೆ 2022ರಲ್ಲಿ ಪದ್ಮಶ್ರೀ ಬಂತು.

ಮೇಷ್ಟ್ರು ಪುಸ್ತಕ ಮುಚ್ಚಿ ಮುಖಪುಟ ನೋಡಿದರು. "ಲೇಖಕರ ಹೆಸರು ಎಲ್ಲಿ?"

"ಅಲ್ಲೇ ಇದೆಯಲ್ಲ ಮೇಷ್ಟ್ರೇ. ಚಿತ್ರ ಬರೆದವರೇ ಲೇಖಕರು."

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಾತಾಡಿದಾಗ ಹಳೇ ಸಿಟ್ಟು ಹೊರಗೆ ಬಂತು. ಯಾವಾಗಲೋ ಒಬ್ಬ ಪ್ರಕಾಶಕರಿಗೆ ಮಕ್ಕಳ ಕಥೆ ಪುಸ್ತಕಕ್ಕೆ ರಾತ್ರಿಯೆಲ್ಲ ಕೂತು ನರಿ, ಮೊಸಳೆ, ಕೋತಿ ಬರೆದುಕೊಟ್ಟಿದ್ದರಂತೆ. ಪುಸ್ತಕ ಬಂದಾಗ ಎರಡನೇ ಪುಟದ ಕೆಳಗೆ, ಇರುವೆ ಕಾಲಿನಷ್ಟು ಅಕ್ಷರದಲ್ಲಿ, 'ಚಿತ್ರಗಳು: ಸಂಗ್ರಹ' ಅಂತ ಇತ್ತಂತೆ. "ನನ್ನ ಮೊಸಳೆ ಸಂಗ್ರಹವಂತೆ ಕಣಮ್ಮ! ಎಲ್ಲಿಂದ ಸಂಗ್ರಹಿಸಿದರು, ಕಬಿನಿಯಿಂದಲೇ?"

ನಗು ಬಂದರೂ ಮಾತು ನ್ಯಾಯದ್ದೇ. ಜನಪದ ಕಥೆಗೆ ಬರೆದವನು ಅಂತ ಒಬ್ಬ ಇರೋದಿಲ್ಲ. ಹೇಳಿದವರೆಲ್ಲ ಅದರ ಒಡೆಯರೇ. ಬಾಯಲ್ಲಿ ಹೇಳಿದ ಅಜ್ಜಿ ಹೇಗೋ, ಗೆರೆಯಲ್ಲಿ ಹೇಳಿದ ಮೇಷ್ಟ್ರೂ ಹಾಗೇ. ನಮ್ಮ 'ಹೂವಾದ ಹುಡುಗಿ' ಕಥೆಯನ್ನೇ ತೆಗೆದುಕೊಳ್ಳಿ. ಎ. ಕೆ. ರಾಮಾನುಜನ್ ನಮ್ಮ ನೆಲದಲ್ಲಿ ಕೇಳಿ ಲೋಕಕ್ಕೆ ಕೊಟ್ಟದ್ದು, ಗಿರೀಶ ಕಾರ್ನಾಡರು 1992ರಲ್ಲಿ 'ಚೆಲುವಿ' ಸಿನಿಮಾ ಮಾಡಿದ್ದು. ತಂಬಿಗೆ ನೀರು ಹುಯ್ದರೆ ಹುಡುಗಿ ಹೂಮರ ಆಗ್ತಾಳೆ, ಇನ್ನೊಂದು ತಂಬಿಗೆ ಹುಯ್ದರೆ ಮತ್ತೆ ಹುಡುಗಿ. ರೆಂಬೆ ಮುರಿಯಬೇಡಿ ಅಂತ ಎಷ್ಟು ಹೇಳಿದರೂ ಮುರಿದವರು ಮುರೀತಾರೆ. ಅವಳು ಮರವೂ ಅಲ್ಲದೆ ಹೆಣ್ಣೂ ಅಲ್ಲದೆ ಮೋಟಾಗಿ ಬಿದ್ದಿರ್ತಾಳೆ. ಕಥೆ ಹೇಳೋರು ಇದನ್ನು ಒಂದು ವಾಕ್ಯದಲ್ಲಿ ದಾಟಿಬಿಡಬಹುದು. ಚಿತ್ರ ಬರೆಯೋರು ದಾಟೋ ಹಾಗಿಲ್ಲ. ಬೆರಳು ಎಲ್ಲಿ ನಿಂತಿತು, ಚಿಗುರು ಎಲ್ಲಿ ಶುರುವಾಯಿತು ಅಂತ ತೀರ್ಮಾನ ಮಾಡಲೇಬೇಕು. ಆ ತೀರ್ಮಾನ ಮಾಡಿದವರನ್ನು ಕಥೆಗಾರರಲ್ಲ ಅನ್ನೋದು ಹೇಗೆ?

ಬರೆಯೋ ಕೈಗಳಿಗೂ ನಮ್ಮಲ್ಲಿ ಬರವಿಲ್ಲ. ಸಾಗರದ ಕಡೆ ದೀವರ ಹೆಂಗಸರು ಹಸೆಗೋಡೆಗೆ ಚಿತ್ತಾರ ಬರೀತಾರೆ. ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಕೆಮ್ಮಣ್ಣಿನ ಕೆಂಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಆ ಕೈಗಳ ಮುಂದೆ ಹೂವಾದ ಹುಡುಗಿಯ ಕಥೆ ಇಟ್ಟು, "ನೀವು ಹೇಗೆ ಹೇಳ್ತೀರಿ?" ಅಂತ ಕೇಳಬೇಕು. ಕಥೆ ಅಚ್ಚಾಗಿ ಮುಗಿದ ಮೇಲೆ ಖಾಲಿ ಜಾಗ ತುಂಬೋಕೆ ಕರೆಯೋದಲ್ಲ.

ಪ್ರಕಾಶಕರಿಗೆ ನಮ್ಮದು ಒಂದೇ ಕೋರಿಕೆ: ಚಿತ್ರ ಬರೆದವರ ಹೆಸರನ್ನು ಮುಖಪುಟದಲ್ಲಿ, ಕಥೆ ಬರೆದವರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ. ಕೊಳ್ಳೋರಿಗೂ ಒಂದು ಮಾತು: ಮೊಮ್ಮಕ್ಕಳಿಗೆ ಕಥೆ ಪುಸ್ತಕ ತರುವಾಗ ಬೆಲೆ ನೋಡೋ ಮೊದಲು ಚಿತ್ರ ಯಾರದು ಅಂತ ನೋಡಿ. 'ಸಂಗ್ರಹ' ಅಂತ ಇದ್ದರೆ ಅಂಗಡಿಯವನಿಗೆ ಅಲ್ಲೇ ವಾಪಸ್ ಕೊಟ್ಟು ಬನ್ನಿ.