ಮೀನಿಗೆ ಜಡ್ಡು, ಊರೆಲ್ಲ ಡಾಕ್ಟರು

ಕಲಘಟಗಿ ತಾಲೂಕಿನ ತಂಬೂರದ ಮನೆಯೊಂದರಲ್ಲಿ ಮೀನಿಗೆ ಜಡ್ಡಾಗಿದೆ. ಕೆಂಪು ಬಣ್ಣದ ಫೈಟರ್ ಮೀನು. ಬಾಲದ ಅಂಚು ಇಲಿ ಕಡಿದ ಅರಿವೆಯಂತಾಗಿದೆ. ಕಾಳು ಹಾಕಿದರೆ ಮೂಸುವುದಿಲ್ಲ. ಬಣ್ಣದ ಕಲ್ಲುಗಳ ಮೇಲೆ ಓರೆಯಾಗಿ ಬಿದ್ದುಕೊಂಡಿದೆ.

ಉಪಚಾರಕ್ಕೇನೂ ಕಡಿಮೆಯಿಲ್ಲ. ಒಬ್ಬರು ಅರಿಷಿಣ ಹಾಕಿ ಅಂದರು. ಇನ್ನೊಬ್ಬರು ಬೇವಿನ ರಸ ಅಂದರು. ಮೊಬೈಲು ಉಪ್ಪು ಅಂದಿತು. ಅಜ್ಜಿ ದೃಷ್ಟಿ ತೆಗೆದಳು. ಔಷಧಿ ಅಂಗಡಿಯಿಂದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲು ಬಂತು. ಚೀಟಿ ಕೇಳಿದವರಿಲ್ಲ, ತೋರಿಸಿದವರಿಲ್ಲ. ಅದನ್ನು ಬಿಚ್ಚಿ ಪುಡಿ ಸುರಿದರು. ಎಷ್ಟು? ಅಂದಾಜಿನ ಮೇಲೆ. ಕಡೆಗೆ ಬಸವಣ್ಣ ದೇವರಿಗೆ ಒಂದು ಕಾಯಿಯ ಹರಕೆಯೂ ಆಯಿತು.

ನೀರಿನ ಮಾತು ಮಾತ್ರ ಯಾರೂ ಎತ್ತಲಿಲ್ಲ. ನಾನೇ ಕೇಳಿದೆ.

"ಹೋದ ಐತವಾರ ಪೂರಾ ಚೆಲ್ಲಿ, ಸಾಬಾಣ ಹಚ್ಚಿ ತಿಕ್ಕಿ ತೊಳದೇವ್ರಿ. ಬಟ್ಟಲಾ ಫಳಫಳ ಹೊಳೀತಿತ್ತು."

ಹೊಳೆಯದೆ ಏನು. ಮೀನಿನ ಜಡ್ಡು ಶುರುವಾದದ್ದೇ ಆ ಹೊಳಪಿನಿಂದ.

ಮೀನು ಉಸಿರಾಡುವ ನೀರಿನಲ್ಲೇ ಉಣ್ಣುತ್ತದೆ, ಅದರಲ್ಲೇ ಹೇಲುತ್ತದೆ. ಅದರ ಕಿವಿರಿನಿಂದ ಅಮೋನಿಯಾ ಹೊರಬೀಳುತ್ತದೆ. ಪ್ರೀತಿ ಉಕ್ಕಿದಾಗಲೆಲ್ಲ ಹಾಕಿದ ಕಾಳು ತಳದಲ್ಲಿ ಕೊಳೆತು ಇನ್ನಷ್ಟು ಅಮೋನಿಯಾ ಆಗುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ನೀರು ತಿಳಿಯಾಗಿಯೇ ಇರುತ್ತದೆ, ಮೀನು ಬೇಯುತ್ತಿರುತ್ತದೆ. ಈ ವಿಷವನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೇನೂ ಕೆಡುಕಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳಿವೆ. ಕಲ್ಲಿಗೆ, ಗಾಜಿಗೆ, ಫಿಲ್ಟರಿನ ಸ್ಪಂಜಿಗೆ ಅಂಟಿಕೊಂಡು ಬೆಳೆಯುತ್ತವೆ. ಬೇರೂರಲು ನಾಲ್ಕರಿಂದ ಆರು ವಾರ ಬೇಕು. ನಾವು ಐತವಾರಕ್ಕೊಮ್ಮೆ ಸಾಬೂನು ಹಚ್ಚಿ ಅವುಗಳ ವಂಶ ತೆಗೆಯುತ್ತೇವೆ. ಉಳಿದವರು ಯಾರಾದರೂ ಇದ್ದರೆ ಟೆಟ್ರಾಸೈಕ್ಲಿನ್ ನೋಡಿಕೊಳ್ಳುತ್ತದೆ.

ಅದರ ಮೇಲೆ ಬ್ಲೀಚಿಂಗ್ ಪೌಡರ್ ವಾಸನೆಯ ನಲ್ಲಿ ನೀರು, ಬಿಸಿಬಿಸಿ ಸುದ್ದಿಯ ಹಾಗೆ ನೇರವಾಗಿ. ಒಂದು ದಿನ ಬಕೀಟಿನಲ್ಲಿ ತೆರೆದಿಟ್ಟಿದ್ದರೆ ಕ್ಲೋರಿನ್ ಹಾರಿಹೋಗುತ್ತಿತ್ತು. ಪೂರ್ತಿ ಚೆಲ್ಲದೆ ಕಾಲುಭಾಗ ಬದಲಿಸಿದ್ದರೆ ಸಾಕಾಗುತ್ತಿತ್ತು. ಖರ್ಚಿಲ್ಲದ ಔಷಧಿಯ ಮೇಲೆ ನಮಗೆ ನಂಬಿಕೆಯಿಲ್ಲ.

ಬಟ್ಟಲು ಎಷ್ಟು ದೊಡ್ಡದು? ಒಂದೂವರೆ ಲೀಟರು ಹಿಡಿದರೆ ಹೆಚ್ಚು. ಈ ಮೀನಿಗೆ 20 ಲೀಟರಾದರೂ ಬೇಕು ಎನ್ನುತ್ತಾರೆ ಸಾಕಿ ಬಲ್ಲವರು. ನೀರು 24ರಿಂದ 28 ಡಿಗ್ರಿ ಬೆಚ್ಚಗಿರಬೇಕು. ನಮ್ಮ ಸೀಮೆಯ ಡಿಸೆಂಬರಿನಲ್ಲಿ ಮನೆಮಂದಿಯೆಲ್ಲ ಕೌದಿ ಹೊದ್ದು ಮಲಗುತ್ತಾರೆ. ಮೀನಿಗೆ ಚಳಿಯಾಗುವುದಿಲ್ಲವೇ ಅಂದರೆ ಉತ್ತರ ತಯಾರಿದೆ: "ಅದು ನೀರಾಗ ಇರೋ ಪ್ರಾಣಿ ಅಲ್ರಿ, ಅದಕ್ಕೆಂಥಾ ಚಳಿ?"

ಮಾರಿದವನು ಹೇಳಿ ಕಳಿಸಿದ್ದೂ ಇದೇ. "ಇದಕ್ಕ ಆಕ್ಸಿಜನ್ ಬ್ಯಾಡ, ಜಾಗಾ ಬ್ಯಾಡ, ಏನೂ ತ್ರಾಸಿಲ್ರಿ." ಪೇಟೆಯ ಅಂಗಡಿಯಲ್ಲಿ ಚಹಾದ ಲೋಟದಷ್ಟು ಪ್ಲಾಸ್ಟಿಕ್ ಡಬ್ಬಿಗಳು ಸಾಲಾಗಿ ಇದ್ದವು. ಡಬ್ಬಿಗೊಂದು ಮೀನು. ತಿರುಗಿದರೆ ಬಾಲ ಗೋಡೆಗೆ ತಾಗುತ್ತದೆ. ಎರಡು ಗಂಡನ್ನು ಒಟ್ಟಿಗೆ ಬಿಟ್ಟರೆ ಹರಿದುಕೊಂಡು ಸಾಯುತ್ತವೆ, ನಿಜ. ಅದಕ್ಕೆ ಒಂಟಿ ಸೆರೆ. ಅಪರಾಧ ಇನ್ನೂ ಆಗಿಲ್ಲ, ಶಿಕ್ಷೆ ಜಾರಿಯಲ್ಲಿದೆ.

ಅವನು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಈ ಮೀನಿನ ತಲೆಯಲ್ಲಿ ಲ್ಯಾಬಿರಿಂತ್ ಎಂಬ ಅಂಗವಿದೆ. ನೀರಿನಲ್ಲಿ ಆಮ್ಲಜನಕ ಸಾಲದೆ ಹೋದರೆ ಮೇಲೆ ಬಂದು ಗಾಳಿ ಗುಟುಕರಿಸಿ ಬದುಕುತ್ತದೆ. ತವರು ಥಾಯ್ಲೆಂಡಿನ ಭತ್ತದ ಗದ್ದೆ, ಜೌಗು, ಕಾಲುವೆ. ಬೇಸಿಗೆಯಲ್ಲಿ ನೀರು ಇಳಿದಾಗ ಜೀವ ಹಿಡಿದುಕೊಳ್ಳಲು ಪ್ರಕೃತಿ ಕೊಟ್ಟ ಉಪಾಯ ಅದು. ನಾವು ಅದನ್ನು ಒಪ್ಪಿಗೆ ಪತ್ರ ಅಂದುಕೊಂಡೆವು. ತಡೆದುಕೊಳ್ಳುವವರಿಗೆ ಅದೇ ಇಷ್ಟ ಎಂದು ತೀರ್ಮಾನಿಸುವುದು ನಮ್ಮ ಹಳೆಯ ಚಾಳಿ. ಸೊಸೆಯಂದಿರನ್ನು ಕೇಳಿ, ಹೇಳುತ್ತಾರೆ.

ಕಲಘಟಗಿಯೂ ಭತ್ತದ ತಾಲೂಕು. ಮನೆಯ ಹಿಂದೆಯೇ ಗದ್ದೆ. ಆದರೆ ಬಟ್ಟಲು ಟಿವಿಯ ಪಕ್ಕದಲ್ಲಿದೆ. ಮೀನಿಗೆ ಕಾಣುವುದು ಧಾರಾವಾಹಿ.

ಥಾಯ್ಲೆಂಡಿನವರು ಒಂದು ಕಾಲಕ್ಕೆ ಈ ಮೀನುಗಳನ್ನು ಕಾದಾಡಿಸಿ ಬಾಜಿ ಕಟ್ಟಿದವರು. 2019ರಲ್ಲಿ ಅದನ್ನೇ ರಾಷ್ಟ್ರೀಯ ಜಲಚರ ಎಂದು ಘೋಷಿಸಿದರು. ನಾವು ಸಾತ್ವಿಕರು, ಕಾದಾಡಿಸುವುದಿಲ್ಲ. ನೆಂಟರು ಬಂದಾಗ ಬಟ್ಟಲಿಗೆ ಕನ್ನಡಿ ಹಿಡಿಯುತ್ತೇವೆ, ಅಷ್ಟೇ. ಮೀನು ಕಿವಿರು ಅರಳಿಸಿ, ರೆಕ್ಕೆ ಬಿಚ್ಚಿ, ತನ್ನ ಮೇಲೆ ತಾನೇ ಏರಿ ಹೋಗುತ್ತದೆ. "ಎಷ್ಟು ಚಂದ ಕುಣೀತೈತಿ ನೋಡ್ರಿ!" ಜಡ್ಡು ಬಿದ್ದ ಮೇಲೂ ಒಂದು ಸಲ ಹಿಡಿದು ನೋಡಿದರಂತೆ. ಜೀವ ಇದೆಯೋ ಇಲ್ಲವೋ ಎಂಬ ಕಾಳಜಿಯಿಂದ.

ತಂದದ್ದಾದರೂ ಏಕೆ? ಮಕ್ಕಳ ಹಟ ಎಂದುಕೊಂಡಿದ್ದೆ. ಅಲ್ಲ, ವಾಸ್ತು. ಈಶಾನ್ಯದಲ್ಲಿ ನೀರಿರಲಿ, ನೀರಿನಲ್ಲಿ ಜೀವವಿರಲಿ, ಸಾಲ ತೀರುತ್ತದೆ ಅಂದಿದ್ದಾನೆ ಒಬ್ಬ. ಮೀನು ಸತ್ತರೆ? ಅದಕ್ಕೂ ಅವನಲ್ಲಿ ಸಮಾಧಾನವಿದೆ. "ಮನೀ ಪೀಡಾ ತಾನ ಹೊತಗೊಂಡ ಹೋತು ಅಂತ ತಿಳೀರಿ." ಬದುಕಿದರೆ ಅದೃಷ್ಟ, ಸತ್ತರೆ ಪರಿಹಾರ. ಎರಡೂ ಕಡೆ ಫೀಸು ಮಾತ್ರ ಅವನದು. ಸಾಲ ತೀರಿದ ಸುದ್ದಿ ಇನ್ನೂ ಬಂದಿಲ್ಲ.

ಈ ನಡುವೆ ಆನ್‌ಲೈನಿನಿಂದ ಒಂದು ಪೊಟ್ಟಣ ಬಂತು. ಮೇಲೆ 'ಇಂಡಿಯನ್ ಆಮಂಡ್ ಲೀಫ್' ಎಂದು ಬರೆದಿತ್ತು. ಬಿಚ್ಚಿದರೆ ಒಣಗಿದ ಬಾದಾಮಿ ಎಲೆ. ತಿನ್ನುವ ಬಾದಾಮಿಯದಲ್ಲ, ಊರೂರಿನ ಸಾಲೆಯ ಅಂಗಳದಲ್ಲಿ ಕೊಡೆ ಹಿಡಿದಂತೆ ನಿಲ್ಲುವ ಕಾಡು ಬಾದಾಮಿಯದು. ಎಲೆಯ ಟ್ಯಾನಿನ್ ನೀರಿಗಿಳಿದರೆ ಫೈಟರ್ ಮೀನಿಗೆ ಹಿತ, ತಪ್ಪೇನಿಲ್ಲ. ಹುಡುಗರು ದಿನಾ ಬೆಳಿಗ್ಗೆ ಗುಡಿಸಿ ಬೆಂಕಿ ಹಚ್ಚುವ ಎಲೆಯನ್ನೇ ದುಡ್ಡು ಕೊಟ್ಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿ, ಕೊರಿಯರಿನಲ್ಲಿ ತರಿಸಿಕೊಂಡೆವು. ಆತ್ಮನಿರ್ಭರ ಅಂದರೆ ಇದೇ ಇರಬೇಕು.

ಕಾನೂನು ಇಲ್ಲವೇ? ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಮೀನಿನ ಬೆಲೆಯೇ ಅದಕ್ಕಿಂತ ಹೆಚ್ಚು. 2017ರಲ್ಲಿ ಕೇಂದ್ರ ಸರ್ಕಾರಕ್ಕೆ ಮೀನಿನ ಮೇಲೆ ಮಮತೆ ಉಕ್ಕಿತು. ಅಕ್ವೇರಿಯಂ ಅಂಗಡಿಗಳಿಗೆ ನಿಯಮ ಬರೆದರು, ದುಂಡು ಬಟ್ಟಲು ಕೂಡದು ಅಂದರು. ವ್ಯಾಪಾರಿಗಳು ಗದ್ದಲ ಎಬ್ಬಿಸಿದರು. ಕೆಲವೇ ತಿಂಗಳಲ್ಲಿ ನಿಯಮ ವಾಪಸಾಯಿತು. ಮೀನುಗಳು ಗದ್ದಲ ಎಬ್ಬಿಸಲಿಲ್ಲ.

ಡಾಕ್ಟರಿಗೆ ತೋರಿಸಿ ಅನ್ನುವಂತೆಯೂ ಇಲ್ಲ. ಪಶು ಆಸ್ಪತ್ರೆಯ ಮುಂದೆ ಎಮ್ಮೆ, ಆಕಳು ಸಾಲುಗಟ್ಟಿರುತ್ತವೆ. ಬಟ್ಟಲು ಹಿಡಿದು ನಿಂತರೆ ಎಮ್ಮೆಯೇ ನಕ್ಕೀತು. ಮೀನು ಬಲ್ಲವರು ಮಂಗಳೂರಿನಲ್ಲಿದ್ದಾರೆ, 1969ರಿಂದ ಅಲ್ಲಿ ಮೀನುಗಾರಿಕೆ ಕಾಲೇಜಿದೆ, ದೇಶದಲ್ಲೇ ಮೊದಲನೆಯದು. ಘಟ್ಟ ಇಳಿಯುವಷ್ಟರಲ್ಲಿ ರೋಗಿ ಇರುವುದಿಲ್ಲ.

ಹೊಟ್ಟೆ ಉಬ್ಬಿತು. ಹುರುಪೆ ಎದ್ದು ನಿಂತವು. ಅಷ್ಟಾದ ಮೇಲೆ ಈ ಮೀನು ಉಳಿಯುವುದು ಅಪರೂಪ. ಮನೆಯಲ್ಲಿ ಸಾಯುವುದು ಬೇಡ, ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳೋಣ ಎಂದು ಹಿರಿಯರು ತೀರ್ಪು ಕೊಟ್ಟರು.

ಹೊರದೇಶದ ರೋಗಿಷ್ಟ ಮೀನನ್ನು ಊರ ಕೆರೆಗೆ ಬಿಡಬೇಡಿ, ಅಲ್ಲಿಯ ಮೀನಿಗೂ ಅಂಟೀತು ಅಂದೆ. ಕೆರೆ ಅಂದರೆ ಅಷ್ಟು ದೊಡ್ಡದು, ಏನೂ ಆಗುವುದಿಲ್ಲ ಅಂದರು. ಬೆಂಗಳೂರಿನವರೂ ಹೀಗೇ ಅನ್ನುತ್ತಿದ್ದರು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯ ತುಂಬ ಸಾವಿರಾರು ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ಕೊಳಚೆ ಸೇರಿ ನೀರಿನಲ್ಲಿ ಉಸಿರಿಗೆ ಆಮ್ಲಜನಕ ಉಳಿದಿರಲಿಲ್ಲ. ಪಾಪ, ಅವಕ್ಕೆ ಲ್ಯಾಬಿರಿಂತ್ ಇರಲಿಲ್ಲ.

ಬಿಡುವುದು ಬಿಟ್ಟೇ ಬಿಟ್ಟರು. ಮೊದಲು ಫೋಟೊ ಆಯಿತು. ಮಗು ಅಳುತ್ತಿತ್ತು, ಅದಕ್ಕೂ ಒಂದು ಫೋಟೊ. ಮೀನು ತಂದ ಪ್ಲಾಸ್ಟಿಕ್ ಚೀಲವನ್ನು ಮೀನಿನ ಹಿಂದೆಯೇ ಎಸೆದರು. ಬೈಕು ಹತ್ತುವಾಗ ಯಜಮಾನರು ನನಗೆ ಸಮಾಧಾನ ಹೇಳಿದರು:

"ಈ ಸಲ ಗೋಲ್ಡ್ ಫಿಶ್ ತರತೇನ್ರಿ. ಫೈಟರ್ ಬಾಳಿಕಿ ಬರಂಗಿಲ್ಲ. ಬಟ್ಟಲಾ ಹೆಂಗೂ ಐತೆಲ್ಲ."